ಆರು ಸೀಸೆ ಸೆಪಿಯಾ ಶಾಯಿಯವರಿಗೆ, ಹಲ್ಲಿನ ಡಾಕ್ಟರ ಹಲ್ಲಿನ ವಿಚಾರವೂ ಸೇರಿದಂತೆ

ಒಂದನೇ ನಂಬರಿನ ಅತಿ ಗಾಢ ಸೀಸೆಯವರಿಂದ ಹಿಡಿದು ಆರನೇ ನಂಬರಿನ ಅತಿ ತೆಳು ಸೀಸೆಯವರವರೆಗೆ, ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ನಮ್ಮ ಅಂಗಡಿಗೆ ದಯಮಾಡಿಸಿದ ಸೆಪಿಯಾ ಶಾಯಿ ಕುಟುಂಬದ ಸಮಸ್ತರಿಗೂ,

ಮಾನ್ಯರೇ,

ತಾವೆಲ್ಲರೂ ಗಟ್ಟಿಯಾಗದೆ, ತಳ ಹಿಡಿಯದೆ, ಮುಚ್ಚಳದ ಸಂದಿನಿಂದ ಸೋರದೆ ಕ್ಷೇಮವಾಗಿದ್ದೀರೆಂದು ನಂಬಿ, ಇವತ್ತಿನ ಲೆಕ್ಕದಲ್ಲಿ ಏಳನೇ ಸಲ ಕೈ ತೊಳೆದು, ತೊಳೆದ ಕೈ ಇನ್ನೂ ತಮ್ಮದೇ ಬಣ್ಣದಲ್ಲಿ ಉಳಿದಿರುವುದನ್ನು ಗೌರವಪೂರ್ವಕವಾಗಿ ಗಮನಿಸಿ, ಈ ಪತ್ರ ಬರೆಯಲು ಕೂತಿದ್ದೇನೆ. ತಮ್ಮನ್ನು ತಯಾರಿಸಿದ ಕಂಪನಿಗೇ ಬರೆಯಬಹುದಿತ್ತು, ಬರೆದೂ ಆಯಿತು. ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ಅವರು ಒಂದು ಸಾಲು ಉತ್ತರ ಕಳಿಸಿ, ಆ ಅಮೂಲ್ಯ ವಸ್ತುವನ್ನು ಎಲ್ಲಿಟ್ಟರೋ ಮರೆತುಬಿಟ್ಟರು. ಅವರು ದೂರದವರು. ತಾವಾದರೋ ನಮ್ಮ ಮೇಜಿನ ಮೇಲೆ, ನೆಲದ ಮೇಲೆ, ನನ್ನ ಯಜಮಾನರ ಬಿಳಿ ಶರಟಿನ ಎದೆಯ ಮೇಲೆ ಹೀಗೆ ಎಲ್ಲೆಡೆ ಮನೆಯವರಂತೆ ನೆಲೆಸಿರುವುದರಿಂದ, ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ನೇರವಾಗಿ ತಮಗೇ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಮೊದಲಿಗೆ ತಮ್ಮ ವಂಶದ ಬಗ್ಗೆ ನನಗಿರುವ ಆದರವನ್ನು ಹೇಳಿಬಿಡಬೇಕು. ತಮ್ಮ ಹೆಸರು ಸಮುದ್ರದ ಒಂದು ಮೆತ್ತನೆಯ ಪ್ರಾಣಿಯಿಂದ ಬಂದದ್ದಂತೆ. ಗಾಬರಿಯಾದಾಗ ಅದು ಕಂದು ಮಸಿ ಕಾರಿ, ಎದುರಿಗಿದ್ದವರು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಮೆಲ್ಲಗೆ ಜಾರಿಕೊಳ್ಳುತ್ತದಂತೆ. ತಾವು ಮಾತ್ರ ಈ ಕಾಲದವರು, ಇಂಗಾಲದ ಪುಡಿಯಿಂದ ತಯಾರಾದವರು ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಆದರೂ ಮಸಿ ಕಾರಿ ಜಾರಿಕೊಳ್ಳುವ ಮನೆತನದ ಕಲೆಯನ್ನು ತಾವು ಕೈಬಿಟ್ಟಿಲ್ಲವೆಂಬುದಕ್ಕೆ ನಮ್ಮ ಇಡೀ ಕುಟುಂಬವೇ ಸಾಕ್ಷಿ.

ಪೇಟೆ ಬೀದಿಯ ಮೂಲೆಯಲ್ಲಿ, ಬೀಗದ ಕೈ ಮಾಡುವವರ ಗೂಡಿನ ಪಕ್ಕದಲ್ಲಿ, ಹಲ್ಲಿನ ಡಾಕ್ಟರ ಶಾಪಿನ ನೇರ ಕೆಳಗೆ ಇರುವ ಫೋಟೋ ಸ್ಟುಡಿಯೋದ ಸೊಸೆ ನಾನು. ಫೋಟೋ ತೆಗೆಯುವುದು ನಾನು, ತಿದ್ದುವುದು ನಾನು, ಪ್ರಿಂಟ್ ಹಾಕುವುದು ನಾನು. ಆದರೆ ಯಾವುದು ಫೋಟೋ, ಯಾವುದು ಬರೀ ಕಾಗದ ಎಂದು ತೀರ್ಮಾನ ಹೇಳುವುದು ನಮ್ಮ ಮಾವ. ಅವರು ಈ ಸ್ಟುಡಿಯೋ ಶುರುಮಾಡಿದ ದಿನದಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರಿಂಟು ಒಣಗಿದ ಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಪ್ಪಿಗೆಯಾದರೆ ಹಿಂಬದಿಯ ಎಡಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಪುಟ್ಟ ಸೊನ್ನೆ, ಸೊನ್ನೆಯೊಳಗೊಂದು ಚುಕ್ಕಿ ಹಾಕುತ್ತಿದ್ದರು. ಆ ಗುರುತು ಬೀಳದೆ ಒಂದು ಫೋಟೋವೂ ಹೊಸಿಲು ದಾಟುವಂತಿರಲಿಲ್ಲ. ಊರಿನವರು ಫೋಟೋ ಕೈಗೆ ಬಂದೊಡನೆ ಮುಖ ನೋಡುವ ಮೊದಲು ಬೆನ್ನು ನೋಡುತ್ತಿದ್ದರಂತೆ.

ಈ ಮನೆಗೆ ಕಂಪ್ಯೂಟರೂ ನಾನೂ ಒಂದೇ ವರ್ಷ ಬಂದೆವು. ಮಾವನವರಿಗೆ ನನ್ನ ಮೇಲೆ ಪ್ರೀತಿಯಿತ್ತು, ಅದರ ಮೇಲಿರಲಿಲ್ಲ. ಡಾರ್ಕ್ ರೂಮಿನ ಬಾಗಿಲು ಎಳೆದುಕೊಂಡು ಹೊರಬಂದವರು ಪೆನ್ಸಿಲ್ಲನ್ನು ಜೇಬಿಗೆ ಸಿಕ್ಕಿಸಿದರು, ಮತ್ತೆ ತೆಗೆಯಲಿಲ್ಲ. ಹದಿನೆಂಟು ವರ್ಷ ನಾನು ಹಾಕಿದ ಪ್ರಿಂಟುಗಳಲ್ಲಿ ಒಂದರ ಬೆನ್ನಿಗೂ ಗುರುತು ಬೀಳಲಿಲ್ಲ. ಬೈದರೇ ಎಂದರೆ, ಇಲ್ಲ. ಮೂಗು ಮುರಿದರೇ ಎಂದರೆ, ಅದೂ ಇಲ್ಲ. ನೋಡಲೇ ಇಲ್ಲ, ಅಷ್ಟೆ. ಕಾಗದದ ಮೇಲೆ ಶಾಯಿ ಚಿಮುಕಿಸಿದ್ದನ್ನು ನೋಡುವುದೇನಿದೆ ಎಂದು ಅತ್ತೆಯ ಹತ್ತಿರ ಒಮ್ಮೆ ಹೇಳಿದ್ದರಂತೆ. ನಾನು ನಗುನಗುತ್ತಲೇ ಇದ್ದೆ, ಆದರೆ ಒಳಗೊಳಗೇ ಅದು ಚುಚ್ಚುತ್ತಿತ್ತು.

ಹೀಗಿರುವಾಗ ಅಂಗಡಿಯ ಬೋರ್ಡಿನ ಬಣ್ಣ ಉದುರಿತು. ಹೊಸದಾಗಿ ಬರೆಸಲು ಬೋರ್ಡು ಬರೆಯುವವರಿಗೆ ಹೇಳಿಕಳಿಸುವಾಗ ಮಾವ ಊಟದ ಮೇಜಿನಲ್ಲಿ ಬಹಳ ಶಾಂತವಾಗಿ, ಈ ಸಲ ಸ್ಟುಡಿಯೋ ಎಂಬ ಪದ ಬೇಡ, ಜೆರಾಕ್ಸ್ ಮತ್ತು ಪಾಸ್‌ಪೋರ್ಟ್ ಫೋಟೋ ಎಂದು ಬರೆಸೋಣ, ಇಲ್ಲಿ ನಡೆಯುತ್ತಿರುವುದು ಅದೇ ತಾನೆ ಎಂದರು. ಯಾರ ಮೇಲೂ ಸಿಟ್ಟಿರಲಿಲ್ಲ ಅವರ ದನಿಯಲ್ಲಿ. ಸಿಟ್ಟಿದ್ದರೆ ಜಗಳ ಆಡಬಹುದಿತ್ತು. ಬೋರ್ಡು ಬರೆಯುವವರು ಮೂರು ವಾರ ಬಿಟ್ಟು ಬರುತ್ತೇನೆಂದರು. ಅಂದರೆ ಹದಿನೆಂಟು ವರ್ಷದಲ್ಲಿ ಆಗದ ಕೆಲಸಕ್ಕೆ ನನಗೆ ಮೂರು ವಾರ ಸಿಕ್ಕಿತು. ಆ ರಾತ್ರಿಯ ಅನ್ನ ಅರಗುವ ಮೊದಲೇ ತಮ್ಮನ್ನು ತರಿಸಲು ಆರ್ಡರ್ ಹಾಕಿದೆ.

ತಮಗಿಂತ ಮುಂಚೆ ನಮ್ಮ ಪ್ರಿಂಟರಿನಲ್ಲಿ ಬಣ್ಣದ ಶಾಯಿಗಳಿದ್ದವು. ಅವನ್ನು ಬೆರೆಸಿ ಕಪ್ಪುಬಿಳುಪು ತೆಗೆಯಲು ಹೋದರೆ ಪ್ರಿಂಟು ಒಂದು ದಿನ ಹಸಿರಿನ ಕಡೆಗೆ, ಮತ್ತೊಂದು ದಿನ ನೇರಳೆಯ ಕಡೆಗೆ ವಾಲುತ್ತಿತ್ತು. ಕ್ಯಾಮೆರಾ ಮುಂದೆ ಹಲ್ಲು ಕಿರಿದು ನಿಂತಿದ್ದ ಮದುಮಗ ಕಾಗದದ ಮೇಲೆ ಬಸ್ಸಿನಲ್ಲಿ ವಾಂತಿ ತಡೆದುಕೊಂಡವನಂತೆ ಕಾಣುತ್ತಿದ್ದ. ತಾವು ಹಾಗಲ್ಲ. ತಾವು ಆರೂ ಮಂದಿ ಒಂದೇ ಬಣ್ಣದವರು, ಗಾಢತೆಯಲ್ಲಿ ಮಾತ್ರ ಹಿರಿಯರು ಕಿರಿಯರು. ಹಿರಿಯಣ್ಣನವರು ಬಾಣಲೆಯ ತಳದಂತೆ, ಕಡೆಯವರು ಬಿಸಿನೀರಿಗೆ ಚಹಾಪುಡಿಯನ್ನು ದೂರದಿಂದ ತೋರಿಸಿದಂತೆ. ಒಬ್ಬರು ಮುಗಿದಲ್ಲಿ ಇನ್ನೊಬ್ಬರು ಶುರುವಾಗಿ, ಕೆನ್ನೆಯ ಬೆಳಕಿನಿಂದ ಕೂದಲ ಕತ್ತಲೆಯವರೆಗೆ ಎಲ್ಲೂ ಮೆಟ್ಟಿಲು ಕಾಣದಂತೆ ಇಳಿಯುತ್ತೀರೆಂದು ಓದಿ ನಾನು ಹಿಗ್ಗಿಹೋಗಿದ್ದೆ.

ಆದರೆ ಮಾನ್ಯರೇ, ಇಷ್ಟೊಂದು ಘನತೆಯುಳ್ಳ ಆರು ಮಂದಿಗೆ ಒಂದೇ ಅಚ್ಚಿನ ಸೀಸೆ, ಒಂದೇ ಅಚ್ಚಿನ ಚೀಟಿ ಕೊಟ್ಟು, ನಂಬರನ್ನು ಮಾತ್ರ ಇರುವೆಗೆ ಓದಲು ಬರುವಷ್ಟು ಸಣ್ಣಕ್ಷರದಲ್ಲಿ ತಳದಲ್ಲಿ ಒತ್ತಿದ್ದು ಯಾರ ಬುದ್ಧಿವಂತಿಕೆ? ನಾನು ಸಿರಿಂಜಿನಲ್ಲಿ ತಮ್ಮನ್ನು ಹೀರಿ ಖಾಲಿ ಕಾರ್ಟ್ರಿಜ್‌ಗಳಿಗೆ ತುಂಬುತ್ತಿದ್ದಾಗ ಒಂದು ಹನಿ ಜಾರಿತು. ಒರೆಸಿದೆ. ಹನಿಯ ಜೊತೆ ಎರಡು ಸೀಸೆಗಳ ನಂಬರೂ ಹೋಯಿತು. ಎರಡನೆಯವರು ಯಾರು, ನಾಲ್ಕನೆಯವರು ಯಾರು ಎಂದು ತಿಳಿಯಲು ಇಬ್ಬರನ್ನೂ ಒಂದೊಂದು ಹನಿ ಕಾಗದಕ್ಕೆ ಬಿಟ್ಟು ನೋಡಿದೆ. ಒದ್ದೆಯಲ್ಲಿ ತಾವಿಬ್ಬರೂ ಅವಳಿಜವಳಿಯಂತೆ ಕಂಡಿರಿ. ಸಹಾಯಕ್ಕೆ ಬಂದ ನನ್ನ ಯಜಮಾನರು ಲೆಕ್ಕದ ಮೇಷ್ಟ್ರು. ಅವರು ಸೀಸೆಗಳನ್ನು ಬೆಳಕಿಗೆ ಹಿಡಿದು, ಅಲ್ಲಾಡಿಸಿ, ಇದೇ ಎರಡನೆಯದು ಎಂದು ಹಂಡ್ರೆಡ್ ಪರ್ಸೆಂಟ್ ಖಚಿತವಾಗಿ ಹೇಳಿದರು. ಸೀಸೆಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ ಎಂಬುದು ಅವರ ಶರಟಿನಿಂದ ಗೊತ್ತಾಯಿತು, ಅದು ಎರಡನೆಯದಲ್ಲ ಎಂಬುದು ಮರುದಿನ ಹಲ್ಲಿನ ಡಾಕ್ಟರ ಮುಖದಿಂದ ಗೊತ್ತಾಯಿತು.

ಡಾಕ್ಟರಿಗೆ ತಮ್ಮ ಶಾಪಿನಲ್ಲಿ ಪೇಷಂಟುಗಳು ಕಾಯುವ ಕೋಣೆಗೆ ತಮ್ಮದೊಂದು ದೊಡ್ಡ ಕಪ್ಪುಬಿಳುಪು ಭಾವಚಿತ್ರ ಬೇಕಿತ್ತು. ತಮ್ಮ ಎರಡನೆಯವರೂ ನಾಲ್ಕನೆಯವರೂ ಕುರ್ಚಿ ಬದಲಾಯಿಸಿ ಕೂತಿದ್ದರಿಂದ, ನೆರಳಿರಬೇಕಾದಲ್ಲಿ ಬೆಳಕೂ ಬೆಳಕಿರಬೇಕಾದಲ್ಲಿ ನೆರಳೂ ಪಟ್ಟೆಪಟ್ಟೆಯಾಗಿ ಬಿದ್ದು, ಡಾಕ್ಟರ ಕೆನ್ನೆಯ ಮೇಲೆ ಮೂರು ದೇಶಗಳ ಗಡಿ, ಹಣೆಯ ಮೇಲೊಂದು ಸರೋವರ ಮೂಡಿದವು. ಇದು ಯಾರು ಎಂದು ಅವರೇ ಕೇಳಿದರು. ತಪ್ಪು ಸರಿಪಡಿಸಿ, ಕಾರ್ಟ್ರಿಜ್ ತೊಳೆದು, ಮತ್ತೆ ತುಂಬಿ ಎರಡನೇ ಸಲ ಹಾಕಿದಾಗ, ಏನು ಹೇಳಲಿ, ಅದ್ಭುತವಾಗಿ ಬಂತು. ಕಣ್ಣಿನ ರೆಪ್ಪೆ, ಕಾಲರಿನ ಹೊಲಿಗೆ, ಕಿವಿಯ ಹಿಂದಿನ ನೆರಳು ಎಲ್ಲ ಬೆಣ್ಣೆಯಂತೆ ನುಣುಪು. ಡಾಕ್ಟರೂ ಮೆಚ್ಚಿ ತಲೆದೂಗುತ್ತಾ, ಚಿತ್ರದ ಮೇಲೆ ಕಣ್ಣು ಕೆಳಗಿಳಿಸುತ್ತಾ ಬಾಯಿಯ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ತಮ್ಮ ಕೃಪೆಯಿಂದ ಅವರ ಹಲ್ಲುಗಳು ಐವತ್ತು ವರ್ಷ ದಿನಕ್ಕೆ ಹದಿನಾರು ಲೋಟ ಚಹಾ ಕುಡಿದವರ ಹಲ್ಲಿನಂತಾಗಿದ್ದವು. ಇದನ್ನು ಗೋಡೆಗೆ ಹಾಕಿದರೆ ಕಾಯುತ್ತಾ ಕೂತ ಪೇಷಂಟುಗಳು ನೋವು ಮರೆತು ಎದ್ದು ಹೋಗುತ್ತಾರೆ ಎಂದು ಅವರು ಬಹಳ ಸಭ್ಯತೆಯಿಂದ ಹೇಳಿದರು. ಆದ್ದರಿಂದ ತಮ್ಮಲ್ಲಿ ಮೊದಲನೇ ವಿನಂತಿ, ಮುಖ, ಕೂದಲು, ಕೋಟು ಎಲ್ಲವನ್ನೂ ತಾವು ಕಂದಾಗಿಸಿಕೊಳ್ಳಿ, ಅದು ತಮ್ಮ ಹಕ್ಕು, ಆದರೆ ವೃತ್ತಿ ವಿಚಾರಿಸಿ, ಹಲ್ಲಿನ ಡಾಕ್ಟರಾಗಿದ್ದ ಪಕ್ಷದಲ್ಲಿ ತುಟಿಗಳ ನಡುವಿನ ಆ ಒಂದೂವರೆ ಇಂಚನ್ನು ಮಾತ್ರ ಮುಟ್ಟದೆ ದಾಟಿಹೋಗುವ ಔದಾರ್ಯ ತೋರಬೇಕು.

ಇನ್ನು ತಮ್ಮ ಆತಿಥೇಯರಾದ ಪ್ರಿಂಟರಿನವರ ವಿಷಯ. ಒಳಗೆ ಯಾರು ಬಂದು ಕೂತಿದ್ದಾರೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ಅವರ ತಿಳಿವಳಿಕೆಯಲ್ಲಿ ತಾವಿನ್ನೂ ಸಯಾನ್, ಮಜೆಂಟಾ, ಹಳದಿ ಮುಂತಾದ ಹಳೆಯ ಬಾಡಿಗೆದಾರರೇ. ಕಂದು ಬಿಟ್ಟು ಬೇರೆ ಬಣ್ಣವನ್ನೇ ಕಾಣದ ಈ ಮನೆಯಲ್ಲಿ, ದಿನಕ್ಕೆರಡು ಸಲ ಕಂಪ್ಯೂಟರ್ ಪರದೆಯ ಮೇಲೆ ಹಳದಿ ಮುಗಿಯುತ್ತ ಬಂದಿದೆ ಎಂದು ಕಳವಳದಿಂದ ತಿಳಿಸುತ್ತಾರೆ. ಹಳದಿ ಎಂದರೆ ಐದನೆಯವರು, ಮಜೆಂಟಾ ಎಂದರೆ ಮೂರನೆಯವರು ಎಂದು ನನ್ನ ಯಜಮಾನರು ಒಂದು ಕೋಷ್ಟಕ ಬರೆದು ಗೋಡೆಗೆ ಅಂಟಿಸಿದ್ದಾರೆ. ಶರಟಿನ ಘಟನೆಯ ನಂತರ ಅವರು ಮಾಡುತ್ತಿರುವ ಸಹಾಯ ಗೋಡೆಯವರೆಗೆ ಮಾತ್ರ.

ಎರಡು ವಾರ ಕಳೆದವು. ತಮ್ಮ ಪ್ರತಿಭೆಗೆ ಸಿಕ್ಕವರೆಲ್ಲ ಸಿಕ್ಕ ಹಾಗೆಯೇ ಹಳಬರಾದರು. ಮೂರು ತಿಂಗಳ ಕೂಸೊಂದು ತಮ್ಮ ಕೈಯಲ್ಲಿ ಯಾರದೋ ಮುತ್ತಜ್ಜನ ಬಾಲ್ಯದ ಚಿತ್ರವಾಗಿ ಹೊರಬಂತು, ಅದರ ತಾಯಿ ಫೋಟೋವನ್ನೊಮ್ಮೆ ಕೂಸನ್ನೊಮ್ಮೆ ನೋಡಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡರು. ಅರ್ಜಿಗೆಂದು ಫೋಟೋ ತೆಗೆಸಿಕೊಂಡ ಪಕ್ಕದ ಬೀಗದ ಕೈಯವರಿಗೆ ಕಚೇರಿಯಲ್ಲಿ, ಆರು ತಿಂಗಳ ಒಳಗಿನ ಫೋಟೋ ಬೇಕು, ಅರವತ್ತು ವರ್ಷದ ಹಿಂದಿನದಲ್ಲ ಎಂದರಂತೆ. ಅವರಿಗೆ ಈಗ ನಲವತ್ತೊಂದು. ನಾನು ಇದನ್ನೆಲ್ಲ ದೂರು ಎಂದು ಹೇಳುತ್ತಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಆದರೆ ನಗು ನಿಂತ ಮೇಲೆ ಕ್ಯಾಲೆಂಡರ್ ನೋಡಿದರೆ ಐದೇ ದಿನ ಉಳಿದಿದ್ದವು, ಮಾವ ನನ್ನ ಮೇಜಿನ ಕಡೆ ಇನ್ನೂ ತಿರುಗಿರಲಿಲ್ಲ.

ಆಗ ನಾನೊಂದು ಕೆಲಸ ಮಾಡಿದೆ. ಮಾವನವರ ಹಳೆಯ ನೆಗೆಟಿವ್ ಡಬ್ಬಿಯೊಳಗಿಂದ ಒಂದನ್ನು ತೆಗೆದು ಸ್ಕ್ಯಾನ್ ಮಾಡಿದೆ. ಸ್ಟುಡಿಯೋ ಶುರುವಾದ ವಾರದ ಚಿತ್ರ ಅದು. ಅಂಗಡಿಯ ಬಾಗಿಲಲ್ಲಿ ನಮ್ಮ ಅತ್ತೆ, ಆಗಿನ್ನೂ ಹೊಸ ಹುಡುಗಿ, ಬಿಸಿಲಿಗೆ ಕೈಯಡ್ಡ ಹಿಡಿದು ಯಾರನ್ನೋ ಗದರಿಸುವಂತೆ ನಿಂತಿದ್ದಾರೆ. ಏಳು ತಿಂಗಳ ಬಸುರಿಯಾದ್ದರಿಂದ ಒಂದು ಲೆಕ್ಕದಲ್ಲಿ ನನ್ನ ಯಜಮಾನರೂ ಆ ಚಿತ್ರದಲ್ಲಿದ್ದಾರೆ, ಆಗಲೂ ಏನೂ ಸಹಾಯ ಮಾಡದೆ. ದಪ್ಪನೆಯ ಹತ್ತಿಯ ಕಾಗದದ ಮೇಲೆ ನಾಲ್ಕು ಸಲ ಹಾಕಿ ಕೆಡಿಸಿ, ಐದನೇ ಸಲಕ್ಕೆ ತಾವು ಆರೂ ಮಂದಿ ಎಂದೂ ಇಲ್ಲದ ಒಗ್ಗಟ್ಟು ತೋರಿದಿರಿ. ಒಂದು ದಿನ ಒಣಗಬೇಕಿತ್ತು. ಅಂಗಡಿಯಲ್ಲಿ ಧೂಳು. ಹಾಗಾಗಿ ಈಗ ಸೂಟ್‌ಕೇಸು, ಕೊಡೆ ಇಡುವ ಜಾಗವಾಗಿರುವ ಹಳೆಯ ಡಾರ್ಕ್ ರೂಮಿಗೆ ಒಯ್ದು, ಮಾವ ಒಂದು ಕಾಲದಲ್ಲಿ ತಮ್ಮ ಪ್ರಿಂಟುಗಳನ್ನು ನೇತುಹಾಕುತ್ತಿದ್ದ ತಂತಿಗೇ ಕ್ಲಿಪ್ಪು ಹಾಕಿ ಬಂದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ. ಇದ್ದಿದ್ದರೆ ನಾನು ಈಗ ದೊಡ್ಡ ನಾಟಕದ ಕಂಪನಿ ಕಟ್ಟಿರುತ್ತಿದ್ದೆ.

ಮರುದಿನ ಬೆಳಿಗ್ಗೆ ಬೋರ್ಡು ಬರೆಯುವವರು ಹೇಳಿದ್ದಕ್ಕಿಂತ ಮೂರು ದಿನ ಮುಂಚೆ, ಏಣಿ, ಸೀಮೆಸುಣ್ಣ ಸಮೇತ ಅಳತೆಗೆಂದು ಬಂದುಬಿಟ್ಟರು. ಉದ್ದನೆಯ ಸ್ಕೇಲು ಬೇಕೆಂದರು. ಅದು ಡಾರ್ಕ್ ರೂಮಿನಲ್ಲಿದೆ ಎಂದು ಮಾವ ತಾವೇ ಒಳಗೆ ಹೋದರು. ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಸ್ಕೇಲಿರಲಿಲ್ಲ, ಪ್ರಿಂಟಿತ್ತು. ಹದಿನೆಂಟು ವರ್ಷದ ಹಿಂದೆ ತಾವೇ ತಂತಿಯ ಮೇಲೆ ಮರೆತುಬಿಟ್ಟ ಪ್ರಿಂಟು ಎಂದೇ ಅವರು ನಂಬಿದ್ದರು. ಅವರ ಕಾಲದಲ್ಲಿ ಪ್ರಿಂಟನ್ನು ಕಂದು ಮಾಡಲು ಟ್ರೇಯಲ್ಲಿ ಅದ್ದುತ್ತಿದ್ದ ರಾಸಾಯನಿಕಕ್ಕೆ ಕೊಳೆತ ಮೊಟ್ಟೆಯ ವಾಸನೆ, ಇಡೀ ಮನೆ ನಾರುತ್ತಿತ್ತಂತೆ. ಆದ್ದರಿಂದ ಅವರು ಮೊದಲು ಮೂಸಿ ನೋಡಿದರು, ಇಷ್ಟು ವರ್ಷಕ್ಕೆ ವಾಸನೆ ಹೋಗಿರುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಬೆನ್ನು ತಿರುಗಿಸಿದರು, ಗುರುತಿಲ್ಲ. ತಮ್ಮ ಕೈಯಿಂದಲೂ ಇಂಥ ತಪ್ಪಾಯಿತೇ ಎಂದು ನೊಂದು, ಜೇಬಿನಿಂದ ಪೆನ್ಸಿಲ್ ತೆಗೆದು, ಕನ್ನಡಕವನ್ನೂ ಹಾಕಿಕೊಳ್ಳದೆ ಅಲ್ಲೇ ನಿಂತು ಸೊನ್ನೆ ಬರೆದು ಚುಕ್ಕಿ ಇಟ್ಟರು. ಆಮೇಲೆ ಅದನ್ನು ನನ್ನ ಮುಂದೆ ಹಿಡಿದರು.

"ನೋಡಮ್ಮ, ಫೋಟೋ ಅಂದ್ರೆ ಇದು. ಬಾಗಿಲ ಹಿಂದೆ ಕತ್ತಲಲ್ಲಿರೋ ಚಿಲಕ ಕೂಡ ಕಾಣುತ್ತೆ. ನಿನ್ನ ಮಷಿನ್ನಿಂದ ಆಗುತ್ತಾ ಇದು?"

ಮಾನ್ಯರೇ, ಆ ಕ್ಷಣದಲ್ಲಿ ನನಗೆ ಬಿಕ್ಕಳಿಕೆ ಶುರುವಾಯಿತು. ನಿಜ ಹೇಳಿದರೆ ಏಣಿಯ ಮೇಲೆ ನಿಂತಿದ್ದ ಹೊರಗಿನವರ ಎದುರು ಮಾವನಿಗೆ ಅವಮಾನ. ಹೇಳದಿದ್ದರೆ ಇನ್ನೊಂದು ಗಳಿಗೆಯಲ್ಲಿ ನನ್ನ ಸ್ಟುಡಿಯೋ ಜೆರಾಕ್ಸ್ ಅಂಗಡಿ. ಆಗ, ಮೂಲೆಯಲ್ಲಿ ಕೂತು ಮಗನ ಶರಟಿನ ಕಲೆಯ ಮೇಲೆ ಒಂದು ಜೇಬು ಹೊಲಿಯುತ್ತಿದ್ದ ನಮ್ಮ ಅತ್ತೆ, ದಾರ ಹಲ್ಲಿನಲ್ಲಿ ಕಚ್ಚಿ ತುಂಡರಿಸಿ, ತಲೆಯೆತ್ತದೆ ಹೇಳಿದರು.

"ಅದನ್ನ ನೀವ್ಯಾವಾಗ ಪ್ರಿಂಟ್ ಹಾಕಿದ್ರಿ? ನಲವತ್ತನಾಲ್ಕು ವರ್ಷದಿಂದ ಕೇಳ್ತಾನೇ ಇದ್ದೀನಿ, ನಾಳೆ ಹಾಕ್ತೀನಿ ನಾಳೆ ಹಾಕ್ತೀನಿ ಅಂತಾನೇ ಇದ್ದೀರಿ."

ಮಾವ ಅತ್ತೆಯನ್ನು ನೋಡಿದರು, ಪ್ರಿಂಟನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಬಿಕ್ಕಳಿಕೆಯಿಂದ ಮಾತು ಹೊರಡದೆ ನಾನು ಎರಡೂ ಕೈ ಮುಂದೆ ಚಾಚಿ ತೋರಿಸಿದೆ. ಬೆರಳ ತುದಿಯಿಂದ ಮೊಣಕೈವರೆಗೆ ತಾವೇ ಇದ್ದಿರಿ, ಒಂದರಿಂದ ಆರರವರೆಗೆ. ಮಾವ ರಬ್ಬರು ಕೇಳಿದರು. ಕೊಟ್ಟೆ. ಅವರು ಆ ಗುರುತನ್ನು ನಿಧಾನವಾಗಿ, ಒಂದು ಗೆರೆಯೂ ಉಳಿಯದಂತೆ ಅಳಿಸಿ, ಪುಡಿಯನ್ನು ಊದಿ, ಕನ್ನಡಕ ಹಾಕಿಕೊಂಡು, ಪ್ರಿಂಟನ್ನು ಕಿಟಕಿಯ ಹತ್ತಿರ ಒಯ್ದು ಮೊದಲಿನಿಂದ ನೋಡತೊಡಗಿದರು. ಬೋರ್ಡು ಬರೆಯುವವರು ಏಣಿಯ ನಡುವೆಯೇ ನಿಂತಿದ್ದರು, ಮೇಲೆ ಹತ್ತಲೂ ಇಲ್ಲ, ಕೆಳಗೆ ಇಳಿಯಲೂ ಇಲ್ಲ. ಮಾವ ನೋಡಿ ಮುಗಿಸಿದರು. ಹಿಂದೆ ತಿರುಗಿಸಿ, ಎಡಮೂಲೆಯಲ್ಲಿ, ದುಂಡಗೆ ಒಂದು ಸೊನ್ನೆ ಬರೆದು ಒಳಗೆ ಚುಕ್ಕಿ ಇಟ್ಟರು. ಏಣಿಯ ಕಡೆಗೆ ತಿರುಗಿ ಅಂದರು:

"ಸ್ಟುಡಿಯೋ ಅನ್ನೋದನ್ನ ಸ್ವಲ್ಪ ದಪ್ಪಕ್ಕೇ ಬರಿಯಪ್ಪ."

ಅತ್ತೆ ಎದ್ದು ಬಂದು ಫೋಟೋ ತೆಗೆದುಕೊಂಡು ಒಳಗೆ ಹೋದರು. ಅದು ಎಲ್ಲಿದೆ ಎಂದು ಅವರು ಇನ್ನೂ ಯಾರಿಗೂ ಹೇಳಿಲ್ಲ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿಟ್ಟು ಚೆನ್ನಾಗಿ ಅತ್ತು, ಮುಖ ಒರೆಸಿಕೊಂಡು, ಮುಖಕ್ಕೂ ತಮ್ಮನ್ನು ಹಚ್ಚಿಕೊಂಡು ಹೊರಬಂದೆ.

ಇಲ್ಲಿಗೆ ಮುಗಿದಿದ್ದರೆ ಇದು ಕೃತಜ್ಞತಾ ಪತ್ರವಾಗುತ್ತಿತ್ತು. ದೂರು ಈಗ ಶುರು. ಆ ದಿನದಿಂದ ಪ್ರಿಂಟರು ನನ್ನ ಕೈಗೆ ಸಿಗುತ್ತಿಲ್ಲ. ಬೆಳಿಗ್ಗೆ ನಾನು ಅಂಗಡಿಗೆ ಬರುವಷ್ಟರಲ್ಲಿ ಮಾವ ದಿಂಬು ಹಾಕಿದ ಕುರ್ಚಿಯಲ್ಲಿ ಕೂತು ತಮ್ಮನ್ನು ಒಬ್ಬೊಬ್ಬರನ್ನಾಗಿ ಅಲ್ಲಾಡಿಸುತ್ತಿರುತ್ತಾರೆ. ಡಾರ್ಕ್ ರೂಮಿನ ಕಾಲದ ಇಪ್ಪತ್ತಾರು ವರ್ಷದ ನೆಗೆಟಿವ್‌ಗಳೆಲ್ಲ ಡಬ್ಬಿಯಿಂದ ಹೊರಬಿದ್ದಿವೆ. ಮೌಸ್ ಹಿಡಿಯುವುದಿಲ್ಲ ಎಂದು ಶಪಥ ಮಾಡಿದ್ದ ಕೈ ಈಗ ಅದನ್ನು ಬಿಡುವುದಿಲ್ಲ ಎಂದು ಶಪಥ ಮಾಡಿದಂತಿದೆ. ಮೂರನೆಯವರು ಸ್ವಲ್ಪ ಸೋಮಾರಿ, ನಾಲ್ಕನೆಯವರು ನಂಬಿಕಸ್ಥರು ಎಂದು ಊಟಕ್ಕೆ ಕೂತಾಗ ತಮ್ಮ ಗುಣಗಾನ ಬೇರೆ. ಆದ್ದರಿಂದ ದಯವಿಟ್ಟು ವಾರದಲ್ಲಿ ಮೂರು ದಿನ, ತಮಗೆ ಅನುಕೂಲವಾದ ಮೂರು ದಿನ, ಮೊದಲಿನಂತೆ ಕೆಟ್ಟದಾಗಿ ವರ್ತಿಸಿ, ಪ್ರಿಂಟರಿನ ಮೂತಿಯಲ್ಲಿ ಕಟ್ಟಿಕೊಂಡು, ಪಟ್ಟೆ ಎಳೆದು, ನಮ್ಮ ಮಾವನಿಗೆ ಸ್ವಲ್ಪ ಬೇಸರ ತರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಸರದಿ ಕಾದು, ಅತ್ತೆಯಿಂದ ಶಿಫಾರಸು ಹೇಳಿಸಿ, ಈ ಎರಡು ತಿಂಗಳಲ್ಲಿ ನಾನು ಮೂವತ್ತಾರು ಪ್ರಿಂಟು ಹಾಕಿ ಅವರ ಮುಂದಿಟ್ಟಿದ್ದೇನೆ. ಒಂದಕ್ಕೂ ಗುರುತು ಬಿದ್ದಿಲ್ಲ. ಪ್ರತಿಯೊಂದನ್ನೂ ಕಿಟಕಿಗೆ ಹಿಡಿಯುತ್ತಾರೆ, ಗಲ್ಲದ ಕೆಳಗೆ ಬೆರಳಿಡುತ್ತಾರೆ, ಇಲ್ಲಿ ಉಸಿರಾಡಲು ಜಾಗ ಇಲ್ಲ ಎನ್ನುತ್ತಾರೆ, ಇನ್ನೊಂದು ಸಲ ಹಾಕು ಎಂದು ವಾಪಸು ಕೊಡುತ್ತಾರೆ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ಅವರು ನನಗೆ ಇನ್ನೊಂದು ಸಲ ಹಾಕು ಎಂದಿರಲಿಲ್ಲ. ಮೂವತ್ತಾರು ಸಲ ನನ್ನನ್ನು ಫೇಲು ಮಾಡುವಷ್ಟು ಮರ್ಯಾದೆ ಈ ಮನೆಯಲ್ಲಿ ನನಗೆ ಸಿಕ್ಕಿರುವುದಕ್ಕೆ ತಾವು ಆರೂ ಮಂದಿ ನೇರ ಹೊಣೆಗಾರರೆಂದು ಈ ಮೂಲಕ ಬಹಿರಂಗವಾಗಿ ಆರೋಪಿಸುತ್ತೇನೆ.

ಸಾಬೂನಿಗೂ ನಿಂಬೆಹಣ್ಣಿಗೂ ಜಗ್ಗದ,
ತಮ್ಮ ವಿಶ್ವಾಸಿ,
ಸ್ಟುಡಿಯೋದ ಸೊಸೆ

ಮರೆತ ಮಾತು: ಮೇಲಿನ ಪತ್ರವನ್ನು ತಮ್ಮಿಂದಲೇ ಪ್ರಿಂಟ್ ಹಾಕಿಸಿ ಪತ್ರಿಕೆಗೆ ಕಳಿಸಿದ್ದೆ. ಸಂಪಾದಕರು ಬಹಳ ವಿನಯದಿಂದ ಹಿಂದಿರುಗಿಸಿದ್ದಾರೆ. ಕಾಗದದ ಸ್ಥಿತಿಯಿಂದ ಇದು ಸುಮಾರು ನೂರು ವರ್ಷದ ಹಿಂದಿನದೆಂದು ತೋರುತ್ತದೆ, ನಿಮ್ಮ ಅಜ್ಜಿಯವರ ಹಾಸ್ಯಪ್ರಜ್ಞೆ ಮೆಚ್ಚುವಂಥದ್ದು, ಆದರೆ ತೀರಿಕೊಂಡವರ ದೂರುಗಳನ್ನು ನಾವು ಪ್ರಕಟಿಸುವುದಿಲ್ಲ ಎಂದಿದ್ದಾರೆ. ನಾನು ಬದುಕಿರುವೆನೆಂದು ಖಚಿತಪಡಿಸಲು ಒಂದು ಇತ್ತೀಚಿನ ಫೋಟೋ ಲಗತ್ತಿಸಬೇಕಂತೆ. ದಯವಿಟ್ಟು ಆ ಕೆಲಸಕ್ಕೆ ತಾವು ಬರಬೇಡಿ.